ಚರಿಗೆ ಹಿಡಿದು ಓಡಿದ ರಸ್ತೆ

ನಾನು ಓಟ ಕಲಿತದ್ದು ಕೈಯಲ್ಲಿ ನೀರಿನ ಚರಿಗೆ ಹಿಡಿದು. ಇದನ್ನು ಹೇಳಿದರೆ ಕೇಳಿದವರು ನಗುತ್ತಾರೆ. ನಗಲಿ, ಈಗ ನಾನೂ ನಗುತ್ತೇನೆ. ಆ ವರ್ಷ ಮಾತ್ರ ಅದು ಪೂರಾ ನಗುವ ಮಾತಾಗಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ರಬಕವಿಯಲ್ಲಿ ನಮ್ಮದು ನೇಕಾರರ ಓಣಿ. ಅಪ್ಪ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಅವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಕಾಲೇಜಿನಲ್ಲಿ ಎರಡು ವರ್ಷ ಓದಿ ಮುಗಿಸಿ ಮನೆಯಲ್ಲಿದ್ದೆ. ಮನೆಯಲ್ಲಿರುವ ಹುಡುಗಿ ಎಂದರೆ ಊರಿನ ಲೆಕ್ಕದಲ್ಲಿ ಮದುವೆಗೆ ಕಾದಿರುವ ಹುಡುಗಿ. ಹುನ್ನೂರಿನಿಂದ ಒಂದು ಗಂಡು ಬಂದು ನೋಡಿ ಹೋಗಿಯೂ ಆಗಿತ್ತು. ಅವಲಕ್ಕಿ ತಿಂದರು, ಚಹಾ ಕುಡಿದರು, ಹುಡುಗಿ ಸ್ವಲ್ಪ ಉದ್ದ ಆಯಿತು ಅಂದರು, ಆದರೂ ನಡೆಯುತ್ತದೆ ಅಂದರು. ನಡೆಯುತ್ತದೆ ಎಂದು ಅವರು ಹೇಳಿದ ಧಾಟಿ ನನಗೆ ಸೇರಲಿಲ್ಲ.

ಅದೇ ವಾರ ಹೈಸ್ಕೂಲಿನ ಡ್ರಿಲ್ ಮಾಸ್ತರರು ದಾರಿಯಲ್ಲಿ ಸಿಕ್ಕರು. ಶಾಲೆಯಲ್ಲಿದ್ದಾಗ ನನ್ನನ್ನು ತಾಲೂಕಿನ ಆಟಗಳಿಗೆ ಕರೆದುಕೊಂಡು ಹೋಗಿ, ಓಟದಲ್ಲಿ ಮೊದಲು ಬಂದಾಗ ನನಗಿಂತ ಹೆಚ್ಚು ಕುಣಿದವರು ಅವರು. ಆಟದ ಶಿಕ್ಷಕರ ತರಬೇತಿಗೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ, ಇನ್ನು ನಾಲ್ಕು ತಿಂಗಳಿಗೆ ವಿಜಾಪುರದಲ್ಲಿ ಆಯ್ಕೆ ಇದೆ, ಎಂಟುನೂರು ಮೀಟರ್ ಓಡಿ ತೋರಿಸಬೇಕು ಎಂದರು. 'ನೀ ಓಡಿದ್ರ ಸೀಟು ನಿಂದ. ಆದ್ರ ದಿನಾ ಓಡಬೇಕು. ಕುಂತು ಕುಂತು ಕಾಲು ಮರತಿರತಾವು' ಅಂದರು.

ಅಪ್ಪನಿಗೆ ಹೇಳಿದೆ. ಅವನು ಮಗ್ಗ ನಿಲ್ಲಿಸದೆ ಕೇಳಿಸಿಕೊಂಡ. ಅಪ್ಪ ಕೆಟ್ಟವನಲ್ಲ, ಮಂದಿಯ ಮಾತಿಗೆ ಹೆದರುವವನು. ಕೊನೆಗೆ ಲಾಳಿ ಕೈಯಲ್ಲಿ ಹಿಡಿದು ಹೇಳಿದ: 'ಓಡು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಯಾರರೆ ಈ ಮಗ್ಗದ ಮುಂದ ಬಂದು ನಿನ್ನ ಬಗ್ಗೆ ಒಂದ ಮಾತು ಅಂದ್ರ, ಅವತ್ತಿಗೆ ಓಟ ಬಂದ್. ಹುನ್ನೂರಿನವರಿಗೆ ಹೂಂ ಅಂತೇನಿ.'

ನಾನು ಒಪ್ಪಿಕೊಂಡೆ. ಆ ಷರತ್ತಿನಲ್ಲಿ ಎಷ್ಟು ದೊಡ್ಡ ತೂತಿದೆ ಎಂಬುದು ಆಗ ಹೊಳೆಯಲಿಲ್ಲ. ತಪ್ಪು ಯಾರದ್ದೇ ಇರಲಿ, ನಿಲ್ಲುವುದು ನನ್ನ ಓಟ.

ಶಾಲೆಯ ಮೈದಾನ ಬೆಳಗಿನ ಹೊತ್ತು ಗಂಡುಹುಡುಗರ ಕಬಡ್ಡಿಗೆ ಸೇರಿದ್ದು. ಹಾಗಾಗಿ ನಾನು ತೇರದಾಳದ ರಸ್ತೆ ಹಿಡಿದೆ. ಊರಿನ ಕೊನೆಯ ಮನೆ ದಾಟಿದರೆ ಒಂದು ಸಣ್ಣ ಸೇತುವೆ, ಅದರಾಚೆ ಎರಡೂ ಕಡೆ ಕಬ್ಬು, ಜೋಳ. ಸುಮಾರು ಒಂದು ಮೈಲು ದೂರದಲ್ಲಿ ಬೇವಿನ ಮರ. ಬೆಳಕು ಹರಿಯುತ್ತಿದ್ದಂತೆ ಲಂಗವನ್ನು ಎತ್ತಿ ಕಟ್ಟಿ, ಒಳಗೆ ತಮ್ಮನ ಚಡ್ಡಿ ಹಾಕಿಕೊಂಡು, ಬರಿಗಾಲಿನಲ್ಲಿ ಮರದ ತನಕ ಓಡಿ ತಿರುಗಿ ಬರುವುದು. ಮೊದಲ ಎರಡು ವಾರ ಆ ರಸ್ತೆಯಲ್ಲಿ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಲಾರೆ. ತಣ್ಣನೆಯ ಡಾಂಬರಿನ ಮೇಲೆ ಕಾಲು ಬೀಳುವ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಮಗ್ಗದ ಸದ್ದಿನಲ್ಲೇ ಹುಟ್ಟಿ ಬೆಳೆದವಳಿಗೆ ಅದೊಂದು ದೊಡ್ಡ ಐಶ್ವರ್ಯ.

ಮೂರನೆಯ ವಾರ ಸೈಕಲ್ಲುಗಳು ಬಂದವು. ಎರಡು ಸೈಕಲ್ಲು, ಮೂವರು ತರುಣರು. ಮೂವರೂ ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು, ತಿಂದುಂಡು ಸುಖವಾಗಿದ್ದ ಮನೆಗಳವರು. ಅವರ ಪೈಕಿ ಹಸಿರು ಸೈಕಲ್ಲಿನವನೇ ಮುಂದಾಳು. ಮೊದಲ ದಿನ ಗಂಟೆ ಬಾರಿಸಿದರು. ಎರಡನೆಯ ದಿನ 'ಬಸ್ ತಪ್ಪಿತೇನ್ರಿ ಬಾಯಾರ?' ಅಂದರು. ನಂತರ ನನ್ನ ಎರಡೂ ಪಕ್ಕಕ್ಕೆ ಬಂದು, ನಾನು ಓಡುವ ವೇಗಕ್ಕೆ ಸರಿಯಾಗಿ ಪೆಡಲ್ ತುಳಿಯುತ್ತ, ನನ್ನ ಹೆಜ್ಜೆಗೆ 'ಲೆಫ್ಟ್, ರೈಟ್' ಎಣಿಸತೊಡಗಿದರು. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು. ಒಂದು ದಿನ ಹಸಿರು ಸೈಕಲ್ಲಿನವನು ಹಿಂದಿನಿಂದ ಬಂದು ನನ್ನ ಜಡೆ ಹಿಡಿದು ಎಳೆದ. ಮೊಣಕಾಲೂರಿ ಬಿದ್ದೆ. ಅವರು ನಗುತ್ತ ತೇರದಾಳದ ಕಡೆ ಹೋದರು.

ಹೆದರಿಕೆ ಆಯಿತು, ಸುಳ್ಳು ಹೇಳುವುದಿಲ್ಲ. ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂತು. ಮೊಣಕಾಲಿನ ಗಾಯಕ್ಕೆ ಮನೆಯಲ್ಲಿ ಕಲ್ಲು ಎಡವಿದೆ ಅಂದೆ. ನಿಜ ಹೇಳಿದರೆ ಅಪ್ಪ ಆ ಮೂವರನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ, ಹುನ್ನೂರಿಗೆ ಹೋಗುತ್ತಿದ್ದ.

ಆ ರಸ್ತೆಯಲ್ಲಿ ನನಗಿಂತ ಮೊದಲು ಬರುವವರು ನಮ್ಮ ಓಣಿಯ ಹೆಂಗಸರು. ಆಗ ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ನಸುಕಿನಲ್ಲಿ ಏಳೆಂಟು ಜನ ಒಟ್ಟಿಗೆ, ಕೈಯಲ್ಲೊಂದು ನೀರಿನ ಚರಿಗೆ ಹಿಡಿದು, ಸೇತುವೆಯ ಆಚೆಯ ಬಯಲಿಗೆ ಹೋಗಿ ಬರುತ್ತಿದ್ದರು. ನಾನು ಬಿದ್ದ ಮರುದಿನ ಓಡಲು ಮನಸ್ಸಾಗದೆ, ಸುಮ್ಮನೆ ಅವರ ಜೊತೆ ಚರಿಗೆ ಹಿಡಿದು ಹೋದೆ. ವಾಪಸ್ಸು ಬರುವಾಗ ಬೆಳಕಾಗಿತ್ತು. ಎದುರಿಗೆ ಅದೇ ಎರಡು ಸೈಕಲ್ಲು ಬಂದವು. ಆದರೆ ಆ ಮೂವರು ನಮ್ಮನ್ನು ಕಂಡದ್ದೇ ತಡ, ಮುಖವನ್ನು ಪೂರಾ ಆಚೆ ತಿರುಗಿಸಿ, ಗಟಾರವನ್ನು ನೋಡುತ್ತ, ಜೋರಾಗಿ ಪೆಡಲ್ ತುಳಿದು ಪಾರಾದರು. ಗಂಟೆ ಬಾರಿಸಲಿಲ್ಲ, ಬಾಯಿ ಬಿಡಲಿಲ್ಲ.

ನಮ್ಮ ಕಡೆಯ ರಿವಾಜು ಅದು. ಚರಿಗೆ ಹಿಡಿದ ಹೆಂಗಸು ಎದುರು ಬಂದರೆ ಗಂಡಸು ಅನ್ನುವವನು ನೋಡಬಾರದು. ಸ್ವಂತ ಅಣ್ಣನಾದರೂ ಗುರುತಿಸಬಾರದು, ಮಾತಾಡಿಸಬಾರದು. ಎಷ್ಟೇ ಉಡಾಳನಾದರೂ ಅದನ್ನು ಮುರಿದರೆ ಅವನ ಮನೆಯವರೇ ಅವನನ್ನು ಹೊಸ್ತಿಲೊಳಗೆ ಬಿಡುತ್ತಿರಲಿಲ್ಲ.

ಮರುದಿನ ನಾನು ಚರಿಗೆ ಹಿಡಿದು ಓಡಿದೆ.

ಖಾಲಿ ಚರಿಗೆ ಒಯ್ದರೆ ನೋಡಿದವರಿಗೆ ಅನುಮಾನ, ತುಂಬ ನೀರಿದ್ದರೆ ತುಳುಕಿ ಲಂಗವೆಲ್ಲ ಒದ್ದೆ. ಅರ್ಧ ನೀರು ಹಾಕಿಕೊಂಡೆ. ಎಡಗೈಯನ್ನು ಮೈಗೆ ಅಂಟಿಸಿ, ಬೆರಳು ಚರಿಗೆಯ ಕಂಠಕ್ಕೆ ಬಿಗಿದು, ಹನಿ ಚೆಲ್ಲದ ಹಾಗೆ ಓಡುವುದನ್ನು ನಾಲ್ಕು ದಿನದಲ್ಲಿ ಕಲಿತೆ. ಸೈಕಲ್ಲುಗಳು ಬಂದವು. ಚರಿಗೆ ಅವರ ಕಣ್ಣಿಗೆ ಬಿತ್ತು. ಮೂರೂ ಮುಖ ಗಟಾರದ ಕಡೆ ತಿರುಗಿದವು. ಬೇವಿನ ಮರದ ಕೆಳಗೆ ನಿಂತು ಒಬ್ಬಳೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನಷ್ಟು ಜಾಣೆ ರಬಕವಿ ಬನಹಟ್ಟಿ ಎರಡರಲ್ಲೂ ಇಲ್ಲ ಅಂದುಕೊಂಡೆ.

ಊರನ್ನು ಮರೆತಿದ್ದೆ. ದಿನಾ ಬೆಳಿಗ್ಗೆ ಒಬ್ಬಳು ಹುಡುಗಿ ಚರಿಗೆ ಹಿಡಿದು, ಎಲ್ಲರೂ ಕೂರುವ ಬಯಲನ್ನೂ ದಾಟಿ, ತಡೆದುಕೊಳ್ಳಲಾರದವಳ ಹಾಗೆ ಓಡೋಡಿ ಹೋಗುತ್ತಾಳೆ. ಏದುಸಿರು ಬಿಡುತ್ತ ಬೆವತು ವಾಪಸ್ಸು ಬರುತ್ತಾಳೆ. ನೋಡಿದವರು ಏನೆಂದು ತಿಳಿಯಬೇಕು? ನನಗೆ ಹೊಟ್ಟೆಯ ಜಡ್ಡು, ಭೇದಿ ಅಂಟಿದೆ ಎಂದು ತಿಳಿದರು.

ಮೊದಲು ಬಂದವಳು ಪಕ್ಕದ ಮನೆಯ ದೊಡ್ಡವ್ವ. ನಮಗೆ ಸಂಬಂಧಿಯಲ್ಲ, ಆದರೆ ಇಡೀ ಓಣಿಗೆ ಆಕೆ ದೊಡ್ಡವ್ವ. ನಸುಕಿನಲ್ಲಿ ಹೋಗುವ ಹೆಂಗಸರ ತಂಡಕ್ಕೆ ಆಕೆಯೇ ಮುಂದು. ದಾಳಿಂಬೆ ಸಿಪ್ಪೆಯ ಕಷಾಯದ ಬಟ್ಟಲು ನನ್ನ ಮುಂದೆ ಹಿಡಿದು 'ಕುಡಿ' ಅಂದಳು. ಬೇಡ ಅಂದರೆ ಕಾರಣ ಹೇಳಬೇಕು. ಕುಡಿದೆ. ಅಷ್ಟು ಒಗರು ನಾನು ಜನ್ಮದಲ್ಲಿ ಕುಡಿದಿರಲಿಲ್ಲ. ಆಕೆ ಎಂಟು ದಿನ ಬಿಡದೆ ತಂದಳು. ನನಗೆ ಜಡ್ಡು ಇರಲಿಲ್ಲವಲ್ಲ, ಕಷಾಯದಿಂದ ಬೇರೆಯದೇ ತೊಂದರೆ ಶುರುವಾಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಮನೆಯವರು ಮಜ್ಜಿಗೆ ಕಳಿಸಿದರು. ಯಾರೋ ದೃಷ್ಟಿ ತೆಗೆಯಿರಿ ಅಂದರು. ಅವ್ವನಿಗೆ ಏನೂ ತಿಳಿಯದೆ ನನಗೆ ಊಟಕ್ಕೆ ಬರೀ ಗಂಜಿ ಹಾಕತೊಡಗಿದಳು. ಗಂಜಿ ಕುಡಿದು ಓಡುವುದು ಎಷ್ಟು ಕಷ್ಟ ಎಂಬುದು ಓಡಿದವರಿಗೇ ಗೊತ್ತು.

ಒಂದು ಮಧ್ಯಾಹ್ನ ಅಪ್ಪ ಮಗ್ಗದಿಂದೆದ್ದು ಒಳಗೆ ಬಂದ. ಮುಖ ಇಳಿದಿತ್ತು. ದೊಡ್ಡವ್ವ ಅಂದಿನ ಕಷಾಯದ ಜೊತೆ ಅಡುಗೆಮನೆಯಲ್ಲೇ ಕೂತಿದ್ದಳು.

'ಮಾತು ಬಂತು' ಅಂದ ಅಪ್ಪ. 'ನೂಲಿನಂಗಡಿಯವರು ಮಗ್ಗದ ತನಕಾ ಬಂದು ಕೇಳಿದ್ರು. ನಿಮ್ಮ ಹುಡುಗಿಗೆ ಹೊಟ್ಟಿ ಬ್ಯಾನಿ ಅಂತಲ್ಲ, ದಿನಾ ಚರಿಗಿ ಹಿಡಕೊಂಡು ರಸ್ತಾದಾಗ ಓಡತಾಳಂತಲ್ಲ ಅಂದ್ರು. ನನ್ನ ಮಾರಿ ಎಲ್ಲಿ ಇಟಗೊಳ್ಳಿ? ನಾಳಿಂದ ಓಟ ಬ್ಯಾಡ.'

ನಾನು ಅಲ್ಲಿಯ ತನಕ ನುಂಗಿದ್ದೆಲ್ಲ ಹೊರಗೆ ಬಂತು. ಸೈಕಲ್ಲು, ಲೆಫ್ಟ್ ರೈಟ್, ಜಡೆ, ಮೊಣಕಾಲು, ಚರಿಗೆ. ಎಲ್ಲವನ್ನೂ ಹೇಳಿದೆ. ಅಳಲಿಲ್ಲ. 'ಯಪ್ಪಾ, ಯಾರೂ ನನ್ನ ನಡತಿ ಬಗ್ಗೆ ಮಾತಾಡಿಲ್ಲ. ಹೊಟ್ಟಿ ಬಗ್ಗೆ ಮಾತಾಡ್ಯಾರ. ಹೊಟ್ಟಿ ಸಲುವಾಗಿ ನನ್ನ ಹುನ್ನೂರಿಗೆ ಕಳಸ್ತೀ ಏನು?' ಅಂದೆ. ಅಪ್ಪನ ಮನಸ್ಸು ಇನ್ನೂ ಜಡೆ ಎಳೆದ ಮಾತಿನಲ್ಲೇ ನಿಂತಿತ್ತು.

ಅಷ್ಟರಲ್ಲಿ ದೊಡ್ಡವ್ವ ಎದ್ದಳು. 'ಅಂದ್ರ ನಿನಗ ಹೊಟ್ಟಿ ನೆಟ್ಟಗೈತಿ?'

'ಹೂಂ ಬೇ ದೊಡ್ಡವ್ವ.'

'ಎಂಟು ದಿನಾ ಕುದಿಸೇನಿ! ಓಣಿಯಾಗಿನ ದಾಳಿಂಬ್ರಿ ಸಿಪ್ಪಿ ಎಲ್ಲಾ ಖಾಲಿ ಮಾಡೇನಿ!' ಆಕೆ ಕಷಾಯವನ್ನು ಬಚ್ಚಲಿಗೆ ಚೆಲ್ಲಿ, ಸೆರಗು ಸಿಕ್ಕಿಸಿ ಅಪ್ಪನ ಕಡೆ ತಿರುಗಿದಳು. 'ಕೇಳೋ ತಮ್ಮಾ. ನಾವು ಚರಿಗಿ ಹಿಡಕೊಂಡು ಹೋಗೂದು ಮನ್ಯಾಗ ಜಾಗಾ ಇಲ್ಲಂತ. ಅದು ನಮ್ಮ ಕರ್ಮ. ಈ ಹುಡುಗಿ ಯಾಕ ಹಿಡೀಬೇಕು? ಮೂರು ಮಂದಿ ಭಾಡ್ಯಾಗಳ ಸಲುವಾಗಿ? ನಾಳಿ ಒಂದ ದಿನಾ ಓಡಲಿ. ಬರೇ ಕೈಲೆ ಓಡಲಿ. ನಾ ಇರತೇನಿ. ಆಮ್ಯಾಗ ನಿನ್ನ ಹುನ್ನೂರು ಎಲ್ಲಿ ಓಡಿಹೋಗತೈತಿ?'

ಅಪ್ಪ ಬೇಡ ಅನ್ನದೆ ಮಗ್ಗಕ್ಕೆ ಹೋಗಿ ಕೂತ. ಅವನು ಸಿಟ್ಟಾದರೆ ಲಾಳಿಯ ಸದ್ದಿನಲ್ಲಿ ಗೊತ್ತಾಗುತ್ತದೆ. ಆ ಮಧ್ಯಾಹ್ನ ಎರಡು ಸಲ ಎಳೆ ಕಡಿಯಿತು.

ಮರುದಿನ ನಾನು ಬರಿಗೈಯಲ್ಲಿ ಹೊರಟೆ. ಎಡಗೈ ತನಗೇನು ಕೆಲಸ ಎಂದು ತಿಳಿಯದೆ ಗಾಳಿಯಲ್ಲಿ ತೂಗಾಡುತ್ತಿತ್ತು. ಸೇತುವೆ ದಾಟಿ ಕಬ್ಬಿನ ಗದ್ದೆಯ ಹತ್ತಿರ ಬಂದಾಗ ಹಿಂದೆ ಗಂಟೆ ಕೇಳಿಸಿತು. ಚರಿಗೆ ಇಲ್ಲದ್ದನ್ನು ನೋಡಿ ಮೂವರಿಗೂ ಖುಷಿಯಾಗಿತ್ತು. 'ಜಡ್ಡು ವಾಸಿ ಆತೇನ್ರಿ ಬಾಯಾರ?' ಅಂದ ಹಸಿರು ಸೈಕಲ್ಲಿನವನು. ಲೆಫ್ಟ್, ರೈಟ್ ಶುರುವಾಯಿತು. ನಾನು ಬೇವಿನ ಮರದ ತನಕ ಹೋಗಲಿಲ್ಲ. ದೊಡ್ಡವ್ವ ಹೇಳಿದ್ದ ಹಾಗೆ ಅರ್ಧಕ್ಕೇ ತಿರುಗಿ ಊರಿನ ಕಡೆ ಓಡಿದೆ. ಅವರೂ ತಿರುಗಿದರು.

ಸೇತುವೆಯ ಮೇಲೆ, ಈ ಕಟ್ಟೆಯಿಂದ ಆ ಕಟ್ಟೆಯ ತನಕ, ಎಂಟು ಹೆಂಗಸರು ಸಾಲಾಗಿ ನಿಂತಿದ್ದರು. ಎಂಟು ಕೈಯಲ್ಲಿ ಎಂಟು ಚರಿಗೆ.

ಸೈಕಲ್ಲುಗಳು ಕಿರುಗುಟ್ಟಿ ನಿಂತವು. ಆ ಮೂವರ ಫಜೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಂದೆ ಹೋಗುವಂತಿಲ್ಲ, ನೋಡುವಂತಿಲ್ಲ. ಎಡಕ್ಕೆ ತಿರುಗಿದರೆ ಅಲ್ಲೊಂದು ಚರಿಗೆ, ಬಲಕ್ಕೆ ತಿರುಗಿದರೆ ಇನ್ನೊಂದು. ಹಿಂದೆ ಓಡಿಹೋಗಬಹುದಿತ್ತು. ಒಂದು ಸೈಕಲ್ಲಿನ ಇಬ್ಬರು ಹಾಗೇ ಓಡಿಹೋದರು. ಹಸಿರು ಸೈಕಲ್ಲಿನವನು ಹೊರಳುವಷ್ಟರಲ್ಲಿ ನಾನು ಅವನ ಹಿಂದಿನ ಕ್ಯಾರಿಯರ್ ಎರಡೂ ಕೈಯಿಂದ ಹಿಡಿದಿದ್ದೆ.

'ಬಿಡ್ರಿ' ಅಂದ, ನೆಲ ನೋಡುತ್ತ.

'ನನ್ನ ನೋಡಿ ಹೇಳು.'

ಅವನು ನೋಡಲಿಲ್ಲ.

ನಾನು ಹಿಂದಿನ ಸಂಜೆಯಿಂದ ಏನೇನೋ ಬೈಗುಳ ಜೋಡಿಸಿಟ್ಟುಕೊಂಡಿದ್ದೆ. ಅವೆಲ್ಲ ಬಾಯಿಗೆ ಬರಲಿಲ್ಲ, ಬೇರೆಯೇ ಬಂತು. 'ಇಷ್ಟು ದಿನಾ ನನ್ನ ಕೈಯಾಗ ಚರಿಗಿ ಇತ್ತು. ಒಂದ ದಿನಾನೂ ನೀ ಕಣ್ಣೆತ್ತಿ ನೋಡಲಿಲ್ಲ. ಅಂದ್ರ ನೋಡಬಾರದು ಅಂತ ನಿನಗ ಗೊತ್ತೈತಿ. ನಿಮ್ಮವ್ವ ಕಲಿಸ್ಯಾಳ. ಚರಿಗಿ ಹಿಡಕೊಂಡ್ರ ಮರ್ಯಾದಿ, ಇಲ್ಲಾಂದ್ರ ಜಡಿ ಎಳಿಯೂದು, ಇದು ಯಾವ ನ್ಯಾಯ ಲೇ? ಗೊತ್ತಿಲ್ಲದ ಮಾಡಿದ್ರ ಹುಚ್ಚ ಅಂತ ಬಿಡತಿದ್ದೆ. ನೀ ಗೊತ್ತಿದ್ದ ಮಾಡೀದಿ.'

'ತಮಾಷಿ ಮಾಡಿದ್ವಿರಿ' ಅಂದ. ದನಿ ಸಣ್ಣದಾಗಿತ್ತು.

'ತಮಾಷಿ?' ಅಂದಳು ದೊಡ್ಡವ್ವ. ಮುಂದೆ ಬಂದು ತನ್ನ ಚರಿಗೆಯನ್ನು ಅವನ ಕೈಗೆ ತುರುಕಿದಳು. 'ಹಂಗಾರ ಇದೂ ತಮಾಷಿ. ಹಿಡಕೋ. ಆಕಿ ಬೇವಿನ ಗಿಡದ ತನಕಾ ಓಡಿ ಬರಲಿ. ಅಲ್ಲೀ ತನಕಾ ಇಲ್ಲೇ ನಿಂದರು. ನೆಲಕ್ಕಿಟ್ಟಿ ಅಂದ್ರ ಈಗಿಂದೀಗ ಇದ ಚರಿಗಿ ತಗೊಂಡು ನಾ ನಿಮ್ಮ ಅಂಗಳದಾಗ ಬಂದು ಕೂಡ್ತೀನಿ.'

ನಾನು ಓಡಿದೆ. ಬೇವಿನ ಮರ ಮುಟ್ಟಿದೆ. ಅವಸರ ಮಾಡಲಿಲ್ಲ, ಒಂದು ನಿಮಿಷ ನಿಂತು ಉಸಿರನ್ನೂ ತೆಗೆದುಕೊಂಡೆ. ಹಿಂತಿರುಗಿ ಬರುವಾಗ ತೇರದಾಳದಿಂದ ಜಮಖಂಡಿಗೆ ಹೋಗುವ ಮೊದಲ ಬಸ್ಸು ನನ್ನನ್ನು ದಾಟಿ ಸೇತುವೆಯ ಹತ್ತಿರ ನಿಧಾನ ಮಾಡಿತು. ಹೆಂಗಸರು ದಾರಿ ಬಿಟ್ಟು ಬದಿಗೆ ಸರಿದರು. ಅವನೊಬ್ಬ ಕಾಣುವಂತೆ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಒಂದು ಕೈಯಲ್ಲಿ ಸೈಕಲ್ಲು, ಇನ್ನೊಂದು ಕೈಯಲ್ಲಿ ಚರಿಗೆ. ಬಸ್ಸಿನ ಎಲ್ಲ ಕಿಟಕಿಯಲ್ಲೂ ಮುಖಗಳು. ಗಂಡಸಿನ ಕೈಯಲ್ಲಿ ಚರಿಗೆ ಇದ್ದರೆ ನೋಡಬಾರದೆಂಬ ರಿವಾಜು ನಮ್ಮ ಕಡೆ ಇಲ್ಲ. ನನಗೆ ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಸಂಜೆಗೆ ಅವನ ಅಪ್ಪ ನಮ್ಮ ಮನೆಗೆ ಬಂದ. ನೇರ ಮಗ್ಗದ ಮುಂದೆ ನಿಂತ. ನಾನು ಒಳಗಿನ ಬಾಗಿಲಿನ ಹಿಂದೆ ನಿಂತು ಕೇಳುತ್ತಿದ್ದೆ. ಷರತ್ತು ನನಗೆ ನೆನಪಿತ್ತು, ಅಪ್ಪನಿಗೂ ನೆನಪಿತ್ತು. ಇದು ಹೊಟ್ಟೆಯ ಮಾತಲ್ಲ. 'ನಿನ್ನ ಮಗಳು ನನ್ನ ಮಗನ ಮಾನ ಕಳದ್ಲು. ಹೆಣ್ಣು ಹುಡುಗಿ ರಸ್ತಾದಾಗ ಓಡೂದು ಅಂದ್ರ ಏನು?' ಅಂದ ಆ ಮನುಷ್ಯ.

ಮಗ್ಗ ನಿಂತಿತು. ಹುನ್ನೂರಿನ ಮನೆಯ ಅಡುಗೆಮನೆ ಹೇಗಿರಬಹುದು ಎಂದು ಆ ಕ್ಷಣ ನಾನು ಯೋಚಿಸಿದ್ದು ನಿಜ.

ಅಪ್ಪ ಹೇಳಿದ: 'ನನ್ನ ಮಗಳು ವಿಜಾಪುರಕ್ಕ ಹೋಗಾಕ ಓಡತಾಳ್ರಿ. ನಿಮ್ಮ ಮಗ ಯಾವ ಊರಿಗೆ ಹೋಗಾಕ ಆಕಿ ಹಿಂದ ಬರತಾನ?'

ಆ ಮನುಷ್ಯ ಚಪ್ಪಲಿ ಮೆಟ್ಟಿಕೊಂಡು ಹೋದ. ಅಪ್ಪ ಮತ್ತೆ ಲಾಳಿ ಎಸೆದ. ರಾತ್ರಿ ಅವ್ವ ನನ್ನ ತಾಟಿಗೆ ಗಂಜಿಯ ಬದಲು ಎರಡು ರೊಟ್ಟಿ, ಕಾಳುಪಲ್ಯ, ಒಂದು ದೊಡ್ಡ ತುಂಡು ಬೆಲ್ಲ ಹಾಕಿದಳು. 'ನಿಮ್ಮಪ್ಪ ಹೇಳ್ಯಾನ' ಅಂದಳು.

ವಿಜಾಪುರದಲ್ಲಿ ನಾನು ಎರಡನೆಯವಳಾಗಿ ಬಂದೆ. ಮೊದಲು ಬರಬೇಕಿತ್ತು. ಗೆರೆ ಮುಟ್ಟಿದ ಮೇಲೆ ಅಲ್ಲಿ ಸಮಯ ನೋಡುತ್ತಿದ್ದ ಶಿಕ್ಷಕಿ ಹತ್ತಿರ ಬಂದು, ಎಡಗೈಗೆ ಏನಾದರೂ ಪೆಟ್ಟಾಗಿದೆಯೇ ಎಂದು ಕೇಳಿದರು. ನೋಡಿಕೊಂಡೆ. ಎಡಗೈ ಮೈಗೆ ಅಂಟಿತ್ತು, ಬೆರಳು ಮಡಚಿದ್ದವು. ಇಲ್ಲದ ಚರಿಗೆಯನ್ನು ನಾನು ಎಂಟುನೂರು ಮೀಟರ್ ಉದ್ದಕ್ಕೂ ಹಿಡಿದುಕೊಂಡೇ ಓಡಿದ್ದೆ. ಸೀಟು ಸಿಕ್ಕಿತು. ಕೈ ಬಿಚ್ಚಿ ಓಡುವುದನ್ನು ಕಲಿಯಲು ಮಾತ್ರ ತರಬೇತಿಯ ಪೂರಾ ವರ್ಷ ಹಿಡಿಯಿತು.

ಹತ್ತು ಹನ್ನೆರಡು ವರ್ಷಗಳ ನಂತರ ನಮ್ಮೂರಿನ ಶಾಲೆಗೇ ಆಟದ ಶಿಕ್ಷಕಿಯಾಗಿ ಬಂದೆ. ಆಟದ ಸ್ಪರ್ಧೆಗೆ ಆಯ್ದ ಹನ್ನೊಂದು ಹುಡುಗಿಯರಿಗೆ ಬೆಳಿಗ್ಗೆ ಆರಕ್ಕೆ ಸೇತುವೆಯ ಹತ್ತಿರ ಬರಲು ಹೇಳಿದ್ದೆ. ಎಲ್ಲರೂ ಬಂದರು. ಕೊನೆಗೆ ಬಂದವಳು ನಮ್ಮದೇ ಓಣಿಯ ಪಕ್ಕದ ಓಣಿಯವಳು, ಎಂಟನೆಯ ಇಯತ್ತೆಯಲ್ಲಿ ಓದುವವಳು, ಕಡ್ಡಿಯಂಥ ಕಾಲು. ಆಕೆಯ ಎಡಗೈಯಲ್ಲಿ ಅರ್ಧ ನೀರು ತುಂಬಿದ ಚರಿಗೆ ಇತ್ತು.

'ಇದ್ಯಾಕ?' ಅಂದೆ.

'ಅವ್ವ ಕೊಟ್ಟು ಕಳಿಸ್ಯಾಳ್ರಿ. ಇದನ್ನ ಹಿಡಕೊಂಡು ಓಡಿದ್ರ ಯಾರೂ ಏನೂ ಅನ್ನೂದಿಲ್ಲಂತ. ನೀವೂ ಹಿಂಗ ಓಡತಿದ್ರಂತಲ್ರಿ.'

ಉಳಿದ ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ನಗು ಬರಲಿಲ್ಲ. ಸೇತುವೆಯ ಮೇಲೆ ನಡೆದದ್ದನ್ನು ಊರು ಮರೆತಿತ್ತು, ನನ್ನ ಜಾಣತನವನ್ನು ಮಾತ್ರ ನೆನಪಿಟ್ಟುಕೊಂಡು ಮಗಳ ಕೈಗೆ ಕೊಟ್ಟಿತ್ತು. ನಾಚಿಕೆಯಾಯಿತು. ಆ ನಾಚಿಕೆ ಆ ಹುಡುಗಿಯದ್ದಲ್ಲ, ನನ್ನದು. ಚರಿಗೆ ಇಳಿಸಿದ ಮರುದಿನದಿಂದಲೇ ನಾನು ಸೇತುವೆಯ ಆ ಕತೆಯನ್ನು ಎಲ್ಲರಿಗೂ ಕೂಗಿ ಹೇಳಬೇಕಿತ್ತು.

ಆಕೆಯ ಕೈಯಿಂದ ಚರಿಗೆ ತೆಗೆದುಕೊಂಡೆ. 'ಓಡಾಕ ಎರಡೂ ಕೈ ಬೇಕವ್ವ. ಯಾವನರೆ ಏನರೆ ಅಂದ್ರ ನಿಂದರು. ಅವನ ಮಾರಿ ನೋಡು. ಹನ್ನೊಂದು ಮಂದಿ ಇದ್ದೀರಿ, ಹನ್ನೊಂದೂ ಮಂದಿ ನೋಡ್ರಿ. ಆಮ್ಯಾಗ ನನಗ ಹೇಳ್ರಿ, ಉಳದದ್ದು ನಾ ನೋಡಕೋತೇನಿ' ಅಂದೆ. ಸೀಟಿ ಊದಿದೆ. ಬೇವಿನ ಮರದ ಕಡೆ ಇಪ್ಪತ್ತೆರಡು ಕೈಗಳು ಬೀಸುತ್ತ ಹೋದವು.

ಓಟ ಮುಗಿದ ಮೇಲೆ ಆ ಹುಡುಗಿ ಚರಿಗೆಯನ್ನು ಮರೆತು ಗೆಳತಿಯರ ಜೊತೆ ಮಾತಾಡುತ್ತ ಮನೆಗೆ ಹೋದಳು. ಅವಳ ಮನೆಗೆ ಮುಟ್ಟಿಸಿ ಅವಳವ್ವನ ಜೊತೆ ಎರಡು ಮಾತಾಡಿ ಬರೋಣವೆಂದು ನಾನೇ ಅದನ್ನೆತ್ತಿಕೊಂಡೆ. ಊರೊಳಗೆ ಪೂರಾ ಬೆಳಕಾಗಿತ್ತು. ಇಸ್ತ್ರಿ ಸೀರೆ, ಕೊರಳಲ್ಲಿ ಸೀಟಿ, ಕೈಯಲ್ಲಿ ಚರಿಗೆ. ಎದುರು ಬಂದ ಗಂಡಸರೆಲ್ಲ ಪಟ್ಟನೆ ಮುಖ ತಿರುಗಿಸಿ ಗಟಾರ ನೋಡಿದರು. ಅವರಲ್ಲಿ ಒಬ್ಬನಿಗೆ ಹೊಟ್ಟೆ ಬಂದಿತ್ತು, ಕೂದಲು ಉದುರಿತ್ತು, ಹಸಿರು ಸೈಕಲ್ಲಿನ ಬದಲು ಸ್ಕೂಟರಿತ್ತು. ಗುರುತು ಹಿಡಿದೆ. ಅವನೂ ಗಟಾರವನ್ನು ನೋಡುತ್ತ ಹೋದ. ನಾನು ಅವನ ಮುಖವನ್ನೇ ನೋಡುತ್ತ, ನಡುರಸ್ತೆಯಲ್ಲಿ ನಡೆದುಹೋದೆ.